ಮುಚ್ಚಳದ ಒಳಮೈ

ಎಣ್ಣೆಯ ಮುಚ್ಚಳ ತಿರುಗಿಸಿ ತೆಗೆದು
ವಜೀರಣ್ಣ ಮಾತಾಡಲಿಲ್ಲ.
ಅಂಗೈ ಮೇಲೆ ಅಂಗಾತ ಇಟ್ಟು ತೋರಿಸಿದ:
ಒಳಮೈಗೆ ದಪ್ಪಗೆ ಮೆತ್ತಿದ ಕೆನೆ,
ಒಡೆದ ಹಾಲಿಗೆ ಟೀಪುಡಿ ಹಾಕಿದ ಬಣ್ಣ.

ಲಿಂಗರಾಜಪುರದ ಮೇಲ್ಸೇತುವೆಯ ಬುಡ,
ಬೆಳಗಿನ ಎಂಟೂವರೆ.
ನೆತ್ತಿಯ ಮೇಲೆ ಬಸ್ಸು ಹಾದಾಗೆಲ್ಲ
ತಗಡಿನ ಡಬ್ಬಿಯೊಳಗೆ ನಟ್ಟುಗಳ ಗುಲ್ಲು.
ಹತ್ತಕ್ಕೆ ಕಸ್ತೂರಿನಗರದಲ್ಲಿ ಲೈಸೆನ್ಸ್ ಟೆಸ್ಟು:
ಮೂವರು ಹುಡುಗಿಯರು, ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು.
ಎಲ್ಲರಿಗೂ ಇದೊಂದೇ ಗಾಡಿ,
ಮೂತಿಗೆ ಕೆಂಪು ಎಲ್, ಹೊಟ್ಟೆಯೊಳಗೆ ಎರಡು ಬ್ರೇಕು.

‘ಹೆಡ್ ಗ್ಯಾಸ್ಕೆಟ್ಟಾ?’ ಕೇಳಿದೆ.
ಬಾಯಿಂದ ಆ ಮಾತು ಬೀಳುವಾಗಲೇ
ಇಪ್ಪತ್ತೆರಡು ಸಾವಿರವೂ ಜೊತೆಗೆ ಬಿತ್ತು.
‘ಎಸ್ತರ್ ಮೇಡಂ, ಗಾಡಿ ಏನಂತದೆ ಕೇಳಣ, ತಡೀರಿ.’

ಕಡ್ಡಿ ಎಳೆದ. ಬನಿಯನ್ ಚೂರಿಗೆ ಒರೆಸಿ
ಮತ್ತೆ ಅದ್ದಿ, ಮತ್ತೆ ಎಳೆದ.
ಹುರುಳಿ ಕಟ್ಟಿನಷ್ಟು ಮಂದ. ಆದರೂ ಕಪ್ಪು, ಬರೀ ಕಪ್ಪು.
ಬೆರಳ ನಡುವೆ ತಿಕ್ಕಿ ಮೂಸಿದ.
‘ಕೂಲೆಂಟ್ ಕುಡಿದಿದ್ರೆ ಸಿಹಿ ವಾಸನೆ ಬರ್ತದೆ.’
ನನ್ನ ಮೂಗಿಗೂ ಹಿಡಿದ.
ನನಗೆ ಬಂದದ್ದು ಅವನ ಬೀಡಿಯದು.

ಆಮೇಲೆ ತಗಡಿನ ತುಂಡೊಂದನ್ನು
ಪಂಪ್ ಸ್ಟವ್ವಿನ ಮೇಲೆ ಕಾಯಿಸಿ
ಕಡ್ಡಿಯ ತುದಿಯಿಂದ ಒಂದು ಹನಿ ಬಿಟ್ಟ.
ಹೊಗೆಯಾಡಿತು, ಸುಮ್ಮನಾಯಿತು.
ಮುಚ್ಚಳದ ಕೆನೆ ಒಂದು ಚಿಟಿಕೆ ಹಾಕಿದ,
ಚಟ್ ಚಟಪಟ, ಸಾಸಿವೆಯ ಹಾಗೆ ಸಿಡಿದು
ನನ್ನ ದುಪಟ್ಟಾಗೊಂದು ಚುಕ್ಕೆ.
‘ನೀರು ಮೇಲ್ಗಡೆ ಮಾತ್ರ ಐತೆ. ಹೊಟ್ಟೇಲಿಲ್ಲ.’

ರೇಡಿಯೇಟರಿನ ಬಾಯಿ ತೆರೆದಿಟ್ಟು
ನನ್ನಿಂದ ಸ್ಟಾರ್ಟ್ ಮಾಡಿಸಿ
ಗುಳ್ಳೆ ಏಳುತ್ತದಾ ಎಂದು ಕೂತ,
ಕೆರೆಯಂಚಲ್ಲಿ ಗಾಳ ಹಾಕಿದವನ ಹಾಗೆ.
ಏಳಲಿಲ್ಲ. ಹಸಿರು ನೀರು,
ಮೇಲೆ ಎಣ್ಣೆಯ ಕಾಮನಬಿಲ್ಲಿಲ್ಲ.
ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇತ್ತು.
ಎರಡು ನಿಮಿಷಕ್ಕೆ ಇರಲಿಲ್ಲ.

‘ಇದು ಕೊನೇ ಸಲ ದೂರ ಹೋಗಿದ್ದು ಯಾವಾಗ?’

ಗಾಡಿಯ ಬಗ್ಗೆ ಕೇಳಿದನೆಂದುಕೊಂಡೇ ಲೆಕ್ಕ ಹಾಕಿದೆ.
ಕಮ್ಮನಹಳ್ಳಿಯಿಂದ ಹೆಣ್ಣೂರು ಕ್ರಾಸ್, ವಾಪಸ್ಸು.
ಫಸ್ಟು, ಸೆಕೆಂಡು, ಆಫು.
ಕ್ಲಚ್ಚು ಮೆಲ್ಲಗೆ ಬಿಡಮ್ಮ, ಕನ್ನಡಿ ನೋಡಮ್ಮ, ಆಫು.
ಆರು ವರ್ಷ.
ಪೂರ್ತಿ ಕಾಯುವ ಮುಂಚೆಯೇ ಆರಿ, ಕಾಯುವ ಮುಂಚೆಯೇ ಆರಿ
ಒಳಗಿನ ಹಬೆ ಹೊರಗೆ ಹೋಗಲಾರದೆ
ಮುಚ್ಚಳಕ್ಕೆ ಅಂಟಿ ಎಣ್ಣೆಯ ಜೊತೆ ಮಡ್ಡಿಯಾಗಿತ್ತು.
ಇದರಲ್ಲೇ ಕಲಿತ ಸಗಾಯಮೇರಿ
ಮಡಿಕೇರಿ ತನಕ ಓಡಿಸಿಕೊಂಡು ಹೋಗಿ ಫೋಟೊ ಕಳಿಸಿದ್ದಳು.

‘ಆದ್ರೂ ಗ್ಯಾರಂಟಿ ಕೊಡಲ್ಲ’ ಅಂದ.
ಕೂಲೆಂಟ್ ಡಬ್ಬಿಯಲ್ಲಿ ಅರ್ಧ ಬೆರಳು ಕಮ್ಮಿಯಿತ್ತು.
ನೀರು ನಿಂತಲ್ಲಿ ಮಾರ್ಕರಿನಿಂದ ಗೆರೆ ಎಳೆದು
ಪಕ್ಕದಲ್ಲಿ ತಾರೀಖು ಬರೆದ, ಎಳೆಮಗುವಿನ ಚೀಟಿಯ ಹಾಗೆ.
‘ಭಾನುವಾರ ಕೋಲಾರದ ಕಡೆ ಒಂದು ರೌಂಡು. ಟಾಪ್ ಗೇರಲ್ಲಿ,
ನಿಲ್ಸದಂಗೆ. ಗೆರೆಯಿಂದ ಇಳಿದಿದ್ರೆ ಹೆಡ್ಡು ಬಿಚ್ಚೋಣ,
ಇಲ್ದಿದ್ರೆ ಎಣ್ಣೆ ಬದಲಾಯ್ಸಿ ಟೀ ಕುಡಿಯೋಣ.’

ಚರ್ಚು ಮುಗಿಸಿ ಬಲಗಡೆ ಸೀಟಿಗೆ ಹತ್ತಿದೆ.
ಎಷ್ಟೋ ಕಾಲದಿಂದ ಎಡಕ್ಕೇ ಕೂತವಳು;
ಕಿಟಕಿ ಯಾವ ಕಡೆಯದೆಂದು ಮೊಣಕೈಗೆ ಗೊತ್ತಾಗಲಿಲ್ಲ.
ಹೊಸಕೋಟೆ ದಾಟುವವರೆಗೂ ಲಾರಿಯವರು
ಎಲ್ ಬೋರ್ಡು ಕಂಡು ಹಾರನ್ ಹೊಡೆದರು.
ಆಮೇಲೆ ರಸ್ತೆ ಬಿಚ್ಚಿಕೊಂಡಿತು. ಮುಳ್ಳು ಮೆಲ್ಲನೆ ಏರಿ
ನಾನು ಅದನ್ನೆಂದೂ ಕಂಡಿರದ ಜಾಗದಲ್ಲಿ, ನಟ್ಟನಡುವೆ, ನಿಂತಿತು.

ನರಸಾಪುರದ ಹತ್ತಿರ ಹುಣಸೆಮರದಡಿ
ಬಾನೆಟ್ಟು ಎತ್ತಿ ಉಪ್ಪುಖಾರದ ಸೀಬೆಕಾಯಿ ತಿನ್ನುತ್ತಿದ್ದೇನೆ.
ಬಿಸಿಯಲ್ಲಿ ನೀರು ಉಬ್ಬಿರುತ್ತದೆ,
ಈಗ ಗೆರೆ ನೋಡಿ ಉಪಯೋಗವಿಲ್ಲ.
ಆರಬೇಕು.
ಇಂಜಿನ್ನಿನ ಒಳಗೆಲ್ಲೋ ಲೋಹ ಕುಗ್ಗುವ ಸದ್ದು,
ಟಿಕ್. ಸ್ವಲ್ಪ ಬಿಟ್ಟು
ಇನ್ನೊಂದು.