ಖಾಲಿ ತೂಕ

ಕಾರಟಗಿಯ ರೈಸ್ ಮಿಲ್ಲಿಗೆ ನನ್ನನ್ನು ಕಳಿಸಿದ್ದು
ಯಾರು ಎಷ್ಟು ಹೊತ್ತಿಗೆ ಕಂಪ್ಯೂಟರಿನ ಒಳಗೆ ಬಂದರು,
ಎಷ್ಟು ಹೊತ್ತಿಗೆ ಹೊರಗೆ ಹೋದರು, ನೋಡಲಿಕ್ಕೆ.
ಹತ್ತು ತಿಂಗಳ ದಾಖಲೆ. ಟೇಬಲ್ಲಿನ ಮೇಲೆ ಹೊಟ್ಟಿನ ಬೂದಿ,
ಒರೆಸಿದಷ್ಟೂ ಮತ್ತೆ.

ಬಹಳ ಮಂದಿ ಒಳಗೆ ಬಂದವರು ಹೊರಗೆ ಹೋಗೇ ಇಲ್ಲ.
ಜೂನ್ ಹನ್ನೊಂದು, ಮಧ್ಯಾಹ್ನ ಎರಡು ಹದಿನೇಳರ ನಂತರ
ಏಳು ಹೆಸರು ಒಟ್ಟಿಗೆ ಮಾಯ.
"ಕರೆಂಟ್ ಹೋಗಿರತೈತ್ರೀ" ಅಂದ ಲೆಕ್ಕದ ವೀರಭದ್ರಗೌಡ,
ಆ ದಿನವನ್ನು ನೆನಪಿಸಿಕೊಳ್ಳುವ ಗೋಜಿಗೂ ಹೋಗದೆ.

ತೂಕದ ಕೋಣೆ. ನಿರುಪಾದಿ. ರಾತ್ರಿ ಪಾಳಿ.
ಹನ್ನೊಂದು ಐವತ್ತೆರಡಕ್ಕೆ ಒಳಗೆ, ಐವತ್ಮೂರಕ್ಕೆ ಹೊರಗೆ.
ಲಾರಿ ನಂಬರಿಲ್ಲ. ಚೀಟಿ ಅಳಿಸಿದೆ.
ಅಳಿಸಿದ್ದನ್ನೂ ಬರೆದಿಟ್ಟುಕೊಳ್ಳುವ ಪುಸ್ತಕ ಇನ್ನೊಂದಿದೆ ಅಂತ
ಅವನಿಗೆ ಯಾರೂ ಹೇಳಿಲ್ಲ.

ತಿಂಗಳಿಗೆ ಎರಡು ಸಲ, ಶುಕ್ರವಾರವೇ.
ಕಳವು ಅಂದುಕೊಂಡೆ, ತೂಕಗಳನ್ನು ಇಳಿಸಿಕೊಂಡೆ:
ಐವತ್ತು ಕೆಜಿ. ಐವತ್ತು. ಐವತ್ತು.
ಐವತ್ತೈದು.
ಒಂದು ಚೀಲದ ಕಳ್ಳನಿಗೆ ಅರವತ್ತು ಟನ್ನಿನ ಕಾಟಾ ಯಾಕೆ?
ಅದು ಎಣಿಸುವುದೇ ಐದೈದು ಕೆಜಿ,
ನಡುವಿನದು ಅದಕ್ಕೆ ಕಾಣುವುದಿಲ್ಲ.
ಐವತ್ತೈದು. ಐವತ್ತೈದು. ಅರವತ್ತು.

ಆಮೇಲೆ ಎರಡು ತಿಂಗಳು ಏನೂ ಇಲ್ಲ,
ಬರೀ ಲಾರಿ, ಲಾರಿ, ಭತ್ತದ ಟ್ರ್ಯಾಕ್ಟರು.

ಆಮೇಲೊಂದು ಶುಕ್ರವಾರ ಎರಡು ಚೀಟಿ, ನಿಮಿಷದ ಅಂತರದಲ್ಲಿ.
ಐವತ್ತು.
ಐವತ್ತೈದು.

ಕರೆಸಿದೆ. ಚಪ್ಪಲಿ ಹೊರಗೆ ಬಿಟ್ಟು ಬಂದ.
"ಗ್ಯಾನಮ್ಮ ಬುತ್ತಿ ತರತಿದ್ಲ್ರೀ. ದವಾಖಾನ್ಯಾಗ ತೂಕದ ಮಿಶನ್ ಕೆಟ್ಟಿತ್ತು.
ಕಾಟಾದ ನಟ್ಟನಡು ನಿಂದ್ರು ಅಂತಿದ್ದೆ.
ನಾ ಏನ್ ಲಾರೀನಾ ಅಂತ ನಗತಿದ್ಲು."
ನಾನೇನೂ ಕೇಳಿರಲಿಲ್ಲ, ಅವನೇ ಮುಂದುವರಿಸಿದ:
"ಕೂಸು ನಾಕಕ್ಕೂ ಕಮ್ಮಿ ಅಂದಿದ್ರು ನರ್ಸಮ್ಮ.
ಇಲ್ಲಿ ನೋಡ್ರೀ, ಐದು ತೋರಿಸ್ತು."

ವರದಿಯಲ್ಲಿ ಬರೆದೆ:
ಪಾಸ್‌ವರ್ಡ್ ಬದಲಿಸತಕ್ಕದ್ದು.
ಲಾರಿ ನಂಬರಿಲ್ಲದೆ ತೂಕ ಹಿಡಿಯದಂತೆ ಮಾಡತಕ್ಕದ್ದು.
ಎರಡೂ ಸರಿಯೇ. ಎರಡು ಸಲ ಓದಿ ಸಹಿ ಹಾಕಿದೆ.

ಸಂಜೆ ಸಿಂಧನೂರು ಬಸ್ಸಿಗೆ ಹೊರಟವನು
ಗೇಟಿಗೆ ಹೋಗಬೇಕಾದರೆ ಕಾಟಾ ದಾಟಲೇಬೇಕು.
ನಡುವೆ ಒಂದು ಗಳಿಗೆ ನಿಂತೆ.
ಕಿಟಕಿಯಲ್ಲಿ ಕೆಂಪು ಅಂಕಿ ಎಪ್ಪತ್ತಕ್ಕೆ ಏರಿತು, ಬ್ಯಾಗು ಸೇರಿ.
ಪಾಳಿ ಬದಲಾಗುವ ಹೊತ್ತು, ಒಳಗೆ ಯಾರೂ ಇರಲಿಲ್ಲ,
ಯಾವ ಪುಸ್ತಕಕ್ಕೂ ಹತ್ತಲಿಲ್ಲ.