ನಕ್ಷೆಯಲ್ಲಿಲ್ಲದ್ದು

ಶಾರ್ಜಾದ ಸಜ್ಜಾ ಕ್ಯಾಂಪು, ಹದಿನಾಲ್ಕನೇ ರೂಮು.
ಒಂದೇ ಮೊಬೈಲಿಗೆ ಎಂಟು ತಲೆ.
ಪಿರಮಿಡ್ಡು ಕಟ್ಟಿದ್ದು ಮನುಷ್ಯರಲ್ಲವಂತೆ,
ಚುಕ್ಕಿಯಿಂದ ಇಳಿದವರಂತೆ,
ಶಂಖದಂಥ ಸದ್ದಿಗೆ ಕಲ್ಲು ತೇಲಿತಂತೆ.

ಕ್ರೇನಿನ ಶೆನೂದ, ಮಿನ್ಯಾ ಕಡೆಯವನು,
ಚಹಾಕ್ಕೆ ನಾಲ್ಕನೇ ಚಮಚ ಸಕ್ಕರೆ ಸುರಿದು
'ನಮ್ಮಜ್ಜನಿಗೆ ರೆಕ್ಕೆ ಇರಲಿಲ್ಲ' ಅಂದ.
ಹುಲಿಗೆಪ್ಪ ನಕ್ಕ. ಅವನ ಹಿರೀಕರು
ಒಣ ಬೆಣೆಗೆ ನೀರು ಕುಡಿಸಿ ಬಂಡೆ ಸೀಳಿದವರು.
ಬಾಯಾರಿದ ಕಟ್ಟಿಗೆ ಉಬ್ಬಿದರೆ
ಮತ್ಯಾವ ಮಂತ್ರ ಬೇಕೋ?

ವಿಡಿಯೊ ಮುಂದುವರಿಯಿತು:
ಒಳಗೊಂದು ಪೊಳ್ಳು ಇದೆ, ಬಾಗಿಲಿಲ್ಲದ ಕೋಣೆ,
ಆಕಾಶದ ಕಣಗಳ ಲೆಕ್ಕದಲ್ಲಿ ಸಿಕ್ಕಿತಂತೆ.
ಚಿನ್ನವೋ, ಶಾಪವೋ, ವಿದ್ಯೆಯೋ?

ನಾನು ಮಾತಾಡಲಿಲ್ಲ.
ಅಲ್ ನಹ್ದಾದ ಟವರಿನಲ್ಲಿ, ಲಿಫ್ಟಿನ ಗೋಡೆಯ ಹಿಂದೆ,
ಮೂರಡಿಯ ಸಂದೊಂದು ನನಗೆ ಗೊತ್ತು.
ಮಧ್ಯಾಹ್ನದ ಬಿಡುವಿನ ಹುಕುಂ ಇನ್ನೂ ಬಾರದ ಮೇ ತಿಂಗಳು,
ಹುಲಿಗೆಪ್ಪನೂ ನಾನೂ
ಸರದಿಯಲ್ಲಿ ನಿದ್ದೆ ಕದ್ದ ನೆರಳು.
ಬ್ಲಾಕಿಟ್ಟು ಮುಚ್ಚಿದ ದಿನ ಒಳಗುಳಿದದ್ದು
ಸಿಮೆಂಟು ಚೀಲದ ಹಾಸು,
ಅದರ ಮೇಲೆ ಬೆವರು ಬರೆದ ಎರಡು ಬೆನ್ನು,
ಒಂದರ ಮೇಲೊಂದು.

ಯಾರೋ ಮುಂದೆಂದೋ ತೂತು ಕೊರೆದು ಇಣುಕಿದರೆ
ಯಾವ ರಾಜನ ಹಾಸಿಗೆ ಅಂದಾರು?

ಶೆನೂದ ಲೈಟು ಆರಿಸಿದ.
ನಾಲ್ಕೂಕಾಲಿಗೆ ಬಸ್ಸು.