ಎರಡು ಬೆರಳು ಕಡಿಮೆ

ಅಧಿಕಮಾಸ ಬಿದ್ದ ವರ್ಷವೇ
ತಮ್ಮ ಕೊನೆಯ ಪೆಟ್ಟಿಗೆ ತಾವು ಮಾಡಿಸಿಡಬೇಕು
ಅಂತ ಚಿನ್‌ಲಿಂಗ್ ಬೆಟ್ಟದ ಈ ಮಗ್ಗುಲಲ್ಲಿ ರೂಢಿ.
ನನಗೆ ಅರವತ್ತು ತುಂಬಿದ ಬೇಸಗೆ ಬಡಗಿ ಪಾಂಗ್ ಬಂದ,
ಚಹಾ ಕುಡಿದ, ಬಾಯಿ ಒರೆಸಿಕೊಂಡ,
ಬಾಗಿಲಿಗೆ ಬೆನ್ನು ಆನಿಸಿ ನಿಲ್ಲಿಸಿ
ನೆತ್ತಿಯಿಂದ ಹಿಮ್ಮಡಿಗೆ ದಾರ ಹಿಡಿದ.
ಎಳೆಯಲಿಲ್ಲ, ಸಡಿಲ ಬಿಡಲೂ ಇಲ್ಲ.
ಮದುವೆಯ ಬಟ್ಟೆಗೂ ನನ್ನನ್ನು ಯಾರೂ
ಅಷ್ಟು ನಿಯತ್ತಾಗಿ ಅಳೆದಿರಲಿಲ್ಲ.

ಸೈಪ್ರೆಸ್ ಹಲಗೆ. ನಾಲ್ಕು ಬೆರಳು ದಪ್ಪ.
ಒಲೆಯ ಹಿಂದೆ ಇಟ್ಟೆವು.
ಖಾಲಿ ಬಿಟ್ಟರೆ ಹೆಸರು ಹಿಡಿದು ಕರೆಯುತ್ತದೆ
ಅನ್ನುತ್ತಿದ್ದಳು ಅತ್ತೆ. ಮುಸುಕಿನ ಜೋಳ ತುಂಬಿದೆ, ಮೂರು ಚೀಲ.
ಪ್ರತಿ ಮಳೆಗಾಲಕ್ಕೆ ಒಂದು ಪದರ ಮೆರುಗು:
ಮರಕ್ಕೆ ಗೀರಿ ಚಿಪ್ಪಿನಲ್ಲಿ ಹಿಡಿದ ಹಾಲು
ಬೆಳ್ಳಗೆ ಬಂದು, ಕಂದಾಗಿ, ಕಪ್ಪಾಗಿ ನಿಲ್ಲುವುದು.
ಹಚ್ಚಿದವಳ ಮೈಯೆಲ್ಲ ಬೊಬ್ಬೆ.
ಹದಿನೈದು ದಿನ ಕೆರೆದುಕೊಳ್ಳುತ್ತಾ ನಗುತ್ತಿದ್ದೆ,
ನನ್ನ ಸಾವು ನನ್ನನ್ನೇ ಕಚ್ಚುತ್ತದಲ್ಲಾ,
ಹಲ್ಲು ಬರುವ ಕೂಸಿನ ಹಾಗೆ.

ಇದೊಂದು ಹೇಳಿಬಿಡುತ್ತೇನೆ.
ಸಂತೆಯಲ್ಲಿ ಒಣ ಅಣಬೆ ಮಾರಿದೆ, ಮೂವತ್ತು ವರ್ಷ.
ತೂಗುಕೋಲಿನ ಬಾಲದಡಿ ನನ್ನ ಕಿರುಬೆರಳು,
ಚೂರೇ ಚೂರು, ನೊಣ ಎದ್ದು ಹೋದಷ್ಟು.
ಯಾರಿಗೂ ತಿಳಿಯಲಿಲ್ಲ. ಮನೆಗೆ ಹೆಂಚು ಬಂತು.
ಪೆಟ್ಟಿಗೆ ಬಂದ ಮರುವಾರ ಸಂತೆಯಲ್ಲಿ ಕೂತಿದ್ದೇನೆ,
ಬೆರಳು ಹೋಗಲೇ ಇಲ್ಲ.
ಧರ್ಮ ಅಂತಲ್ಲ. ಭಯವೂ ಅಲ್ಲ.
ಇಷ್ಟುದ್ದ, ಇಷ್ಟಗಲ, ನನಗೆ ಬೇಕಾದ್ದು ಒಲೆಯ ಹಿಂದಿತ್ತು;
ಮೇಲೆ ಏನು ಕೂಡಿಸಿದರೂ
ಹಲಗೆಗೆ ತಾಕುತ್ತಿತ್ತು.
ಆಮೇಲೆ ಎಷ್ಟು ಹಗುರ ಗೊತ್ತಾ ಆ ಕೈ!
ಸೊಸೆಯ ಜೊತೆ ಜಗಳವನ್ನೂ ಅವತ್ತೇ ಆಡಿ ಮುಗಿಸುತ್ತಿದ್ದೆ,
ನಾಳೆಗೆ ಅಂತ ಉಪ್ಪು ಹಾಕಿ ಇಡುತ್ತಿರಲಿಲ್ಲ.

ಎಲ್ಲ ಬಿಟ್ಟೆ ಅಂತಲ್ಲ.
ಓರಗಿತ್ತಿ ಜೂಯಿಂಗ್ ಇದ್ದಳು. ಗಡಿಯಲ್ಲೊಂದು ಅಕ್ರೋಟು ಮರ,
ಬೇರು ನನ್ನ ಕಡೆ, ಕಾಯಿ ಬೀಳುವುದು ಅವಳ ಕಡೆ.
ಹತ್ತೊಂಬತ್ತು ವರ್ಷ ಮಾತಿಲ್ಲ.
ಪೆಟ್ಟಿಗೆಯ ಮಾತೆತ್ತಿದವರ ಮೇಲೆ ಅವಳು
ಮುಸುರೆ ನೀರು ಎರಚುತ್ತಿದ್ದಳು.
ನೂರಾರು ವರ್ಷ ಇರುವವಳ ಹಾಗೆ ಹಗೆ ಸಾಕಿದಳು.
ಪೆಟ್ಟಿಗೆ ಇದ್ದ ನಾನೂ ಸಾಕಿದೆ.

ಹೋದ ಚಳಿಗಾಲ
ಮೂಲಂಗಿ ಹೆಚ್ಚುತ್ತಿದ್ದವಳು ಹಾಗೇ ವಾಲಿದಳು.
ರಾತ್ರಿ ಅವಳ ಮಗ ನನ್ನ ಹೊಸ್ತಿಲಾಚೆ ನಿಂತ.
ಏನೂ ಕೇಳಲಿಲ್ಲ. ದಾರಿ ತುಂಬ ಹಿಮ,
ಪಟ್ಟಣದಿಂದ ಏನೂ ಬರುವಂತಿರಲಿಲ್ಲ.
ನಾನು ಮೊರ ತಗೊಂಡೆ.
ಜೋಳ ನೆಲಕ್ಕೆ ಸುರಿಯಿತು, ಸುರಿಯಿತು, ಆ ಸದ್ದು
ಹತ್ತೊಂಬತ್ತು ವರ್ಷದ ಮಾತು
ಒಂದೇ ಉಸಿರಿಗೆ ಆಡಿದ ಹಾಗೆ.
ಹನ್ನೊಂದು ಪದರ ಮೆರುಗು. ಧೂಳು ಒರೆಸಿದರೆ
ಒಳಗೊಂದು ದೀಪ ಕಂಡಿತು, ನನ್ನ ಕೈಯಲ್ಲಿದ್ದದ್ದೇ.
ಅವಳು ನನಗಿಂತ ಕುಳ್ಳಿ.
ಕಾಲ ಬಳಿ ಉಳಿದ ಜಾಗಕ್ಕೆ ಒಂದು ಮೊರ ಅಕ್ರೋಟು ಸುರಿದೆ.
ಯಾರ ಕಡೆ ಬಿದ್ದವೋ ಗೊತ್ತಿಲ್ಲ.

ಈ ವರ್ಷ ಅಧಿಕಮಾಸ ಇಲ್ಲ. ಕಾಯಲು ಪುರುಸೊತ್ತೂ ಇಲ್ಲ.
ಪಾಂಗ್ ಬಂದ, ಚಹಾ ಕುಡಿದ,
ದಾರ ಹಿಡಿದ, ಇನ್ನೊಮ್ಮೆ ಹಿಡಿದ.
"ಎರಡು ಬೆರಳು ಕಡಿಮೆಯಾಗಿದ್ದೀಯಲ್ಲ, ಯಿನ್‌ಲಾನ್."
"ಹಲಗೆ ಉಳಿಯಿತಲ್ಲ, ದುಡ್ಡು ಇಳಿಸು."
ಇಳಿಸಲಿಲ್ಲ. ಅರ್ಧ ಗಂಟೆ ಚೌಕಾಸಿ ಮಾಡಿದೆವು,
ಜೋರಾಗಿ, ಖುಷಿಯಾಗಿ.

ಈಗ ಮೆರುಗು ಒಂದೇ ಪದರ. ಹನ್ನೊಂದು ಆಗುವುದಿಲ್ಲ, ಗೊತ್ತು.
ಜೋಳ ಇನ್ನೂ ಮೂಲೆಯಲ್ಲಿ ರಾಶಿ, ಇಲಿಗಳಿಗೆ ಹಬ್ಬ.
ಈ ವಯಸ್ಸಿನಲ್ಲಿ ಬೆಕ್ಕಿನ ಮರಿ ತರುತ್ತೀಯಾ, ಅಂದಳು ಸೊಸೆ.
ತಂದೆ. ಬೂದು ಬಣ್ಣದ್ದು.
ನಿನ್ನೆ ಮುಚ್ಚಳದ ಮೇಲೆ ಹತ್ತಿ ಮಲಗಿ
ಹಸಿ ಮೆರುಗಿಗೆ ಒಂದು ರೋಮ ಅಂಟಿಸಿಬಿಟ್ಟಿದೆ.
ನೋಡಿದೆ. ಕೀಳಲಿಲ್ಲ.